ಅಳೆದದ್ದು ಸ್ನಾಯುವನ್ನೇ?

ಕಳೆದ ವರ್ಷ ನಾನು ಪಾಠ ಹೇಳುವ ಕಾಲೇಜಿನಲ್ಲಿ ಒಂದು ಆರೋಗ್ಯ ತಪಾಸಣಾ ಶಿಬಿರ ನಡೆಯಿತು. ರಕ್ತದೊತ್ತಡ, ಸಕ್ಕರೆ ಎಲ್ಲ ನೋಡಿ ಮುಗಿದ ಮೇಲೆ ಒಂದು ಯಂತ್ರದ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಎರಡು ಹಿಡಿಗಳನ್ನು ಕೈಗೆ ಕೊಟ್ಟರು. ಅರ್ಧ ನಿಮಿಷದಲ್ಲಿ ಚೀಟಿ ಹೊರಬಂತು. ಕೊಬ್ಬು ಇಷ್ಟು, ನೀರು ಇಷ್ಟು, ಸ್ನಾಯು ಇಷ್ಟು ಕಿಲೋಗ್ರಾಂ ಎಂದು ದಶಮಾಂಶ ಬಿಂದುವಿನ ನಂತರ ಎರಡು ಸ್ಥಾನಗಳವರೆಗೆ ಅಚ್ಚಾಗಿತ್ತು. ಕೆಳಗೆ ‘ಸ್ನಾಯು ಕಡಿಮೆ’ ಎಂಬ ಷರಾ. ಚೀಟಿಯ ಮೇಲ್ಭಾಗ ನೋಡಿದೆ. ನನ್ನ ವಯಸ್ಸು 65 ಎಂದಿತ್ತು. ನನಗಾಗ 56. ಅಂಕಿಗಳು ಅದಲುಬದಲಾಗಿದ್ದವು. ಯಂತ್ರ ನಡೆಸುತ್ತಿದ್ದ ಹುಡುಗ ತಪ್ಪನ್ನು ತಿದ್ದಿ ಮತ್ತೆ ನಿಲ್ಲಿಸಿದ. ಎರಡು ನಿಮಿಷದೊಳಗೆ ನನ್ನ ಸ್ನಾಯು ಅರ್ಧ ಕಿಲೋಗ್ರಾಂಗಿಂತ ಹೆಚ್ಚು ಬೆಳೆದಿತ್ತು!

ಅದೇ ದಿನ ನಮ್ಮ ವಿಭಾಗದ ನಿವೃತ್ತ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಚೀಟಿ ತೋರಿಸಿದರು. ಅದರಲ್ಲಿ ‘ಸ್ನಾಯು ಸಾಮಾನ್ಯ’ ಎಂದಿತ್ತು. ಸಂತೋಷದಿಂದ ಅದನ್ನು ಜೇಬಿಗಿಟ್ಟುಕೊಂಡು, ಕುರ್ಚಿಯ ಎರಡೂ ತೋಳುಗಳನ್ನು ಗಟ್ಟಿಯಾಗಿ ಒತ್ತಿ, ಎರಡನೆಯ ಪ್ರಯತ್ನದಲ್ಲಿ ಎದ್ದರು. ಶಿಬಿರದಲ್ಲಿ ಅವರನ್ನು ಯಾರೂ ‘ಕೈ ಊರದೆ ಏಳಿ’ ಎಂದು ಕೇಳಿರಲಿಲ್ಲ.

ಮುಪ್ಪು ಮತ್ತು ಸ್ನಾಯುವನ್ನು ಕುರಿತ ಸಂಶೋಧನೆಯನ್ನು ಭೌತವಿಜ್ಞಾನದವನೊಬ್ಬ ವಿಮರ್ಶಿಸಲು ಹೊರಟಿರುವುದಕ್ಕೆ ಈ ಎರಡು ಚೀಟಿಗಳೇ ಕಾರಣ. ನಾನು ವೈದ್ಯನಲ್ಲ. ಆದರೆ ‘ನೀವು ಅಳೆದ ಪರಿಮಾಣ ಯಾವುದು? ಅದಕ್ಕೆ ಇಟ್ಟ ಹೆಸರು ಯಾವುದು? ಎರಡೂ ಒಂದೆಯೇ?’ ಎಂದು ಕೇಳುವುದು ನಮ್ಮ ಪ್ರಯೋಗಾಲಯದ ದಿನನಿತ್ಯದ ಕೆಲಸ. ಈ ಕ್ಷೇತ್ರದ ಮೂವತ್ತೈದು ವರ್ಷಗಳ ಇತಿಹಾಸವನ್ನು ಈ ಒಂದು ಪ್ರಶ್ನೆ ಹಿಡಿದು ಓದಬಹುದೆಂಬುದು ನನ್ನ ವಾದ.

ಹೆಸರು ಬಂದ ಬಗೆ

1988ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ನಡೆದ ಸಭೆಯೊಂದರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ಪೋಷಣವಿಜ್ಞಾನಿ ಒಂದು ಸಲಹೆ ಮುಂದಿಟ್ಟರು. ವಯಸ್ಸಾದಂತೆ ದೇಹದಲ್ಲಿ ಸ್ನಾಯು ಕುಗ್ಗುವಷ್ಟು ಎದ್ದುಕಾಣುವ ಬದಲಾವಣೆ ಇನ್ನೊಂದಿಲ್ಲ. ಅದಕ್ಕೊಂದು ಹೆಸರಿದ್ದರೆ ವಿಜ್ಞಾನಿಗಳು ಗಮನ ಕೊಟ್ಟಾರು ಎಂಬುದು ಅವರ ಆಶಯ. ಗ್ರೀಕ್ ಭಾಷೆಯ ‘ಮಾಂಸ’ ಮತ್ತು ‘ಕೊರತೆ’ ಎಂಬ ಎರಡು ಪದಗಳನ್ನು ಜೋಡಿಸಿ ‘ಸಾರ್ಕೊಪೀನಿಯ’ ಎಂದರು. ಹೆಸರು ಫಲ ಕೊಟ್ಟಿತು. ಆದರೆ ಹೆಸರಿನಲ್ಲೇ ಒಂದು ಊಹೆ ಸೇರಿಹೋಯಿತು. ಕೊರತೆ ಇರುವುದು ಮಾಂಸದ ಪ್ರಮಾಣದಲ್ಲಿ ಎಂಬುದೇ ಆ ಊಹೆ.

1998ರಲ್ಲಿ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು ನ್ಯೂಮೆಕ್ಸಿಕೊದ ಹಿರಿಯರನ್ನು ಪರೀಕ್ಷಿಸಿ ಮೊದಲ ಅಳತೆಗೋಲು ಕೊಟ್ಟರು. ಕೈಕಾಲುಗಳ ಸ್ನಾಯುರಾಶಿಯನ್ನು ಎತ್ತರದ ವರ್ಗದಿಂದ ಭಾಗಿಸಬೇಕು. ಬಂದ ಸಂಖ್ಯೆ ಆರೋಗ್ಯವಂತ ಯುವಜನರ ಸರಾಸರಿಗಿಂತ ಎರಡು ಮಾನಕ ವಿಚಲನೆಗಳಷ್ಟು ಕೆಳಗಿದ್ದರೆ ಅದು ಸಾರ್ಕೊಪೀನಿಯ. ಮೂಳೆ ಸವೆತವನ್ನು ಗುರುತಿಸುವ ವಿಧಾನದ ಅಚ್ಚಿನಲ್ಲೇ ಇದನ್ನೂ ಎರಕ ಹೊಯ್ದರು. ಆದರೆ ಮೂಳೆ ಹೊರೆ ಹೊರುವ ಕಂಬ, ಸ್ನಾಯು ಕೆಲಸ ಮಾಡುವ ಎಂಜಿನ್. ಎಂಜಿನ್ನಿನ ಯೋಗ್ಯತೆಯನ್ನು ಅದರ ತೂಕದಿಂದ ಯಾರೂ ನಿರ್ಣಯಿಸುವುದಿಲ್ಲ.

ಯಂತ್ರ ಓದುವುದೇನು?

ಸಂಶೋಧಕರು ಹೆಚ್ಚಾಗಿ ಬಳಸುವುದು ‘ಡೆಕ್ಸಾ’ ಯಂತ್ರವನ್ನು. ಇದು ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ಕಿರಣಗಳನ್ನು ದೇಹದ ಮೂಲಕ ಹಾಯಿಸಿ, ಪ್ರತಿಯೊಂದೂ ಎಷ್ಟು ಕ್ಷೀಣಿಸಿತೆಂದು ನೋಡುತ್ತದೆ. ಎರಡು ಸಮೀಕರಣ ಇದ್ದರೆ ಬಿಡಿಸಬಹುದಾದ ಅಜ್ಞಾತಗಳು ಎರಡೇ ಎಂಬುದು ನಿಮಗೆ ಗೊತ್ತು. ಮೂಳೆ ಇರುವ ಕಡೆ ಮೂಳೆ ಮತ್ತು ಮೃದು ಅಂಗಾಂಶ; ಮೂಳೆ ಇಲ್ಲದ ಕಡೆ ಕೊಬ್ಬು ಮತ್ತು ಕೊಬ್ಬಲ್ಲದ್ದು. ಈ ‘ಕೊಬ್ಬಲ್ಲದ್ದು’ ಎಂಬುದರಲ್ಲಿ ಸ್ನಾಯುವಿನ ಜೊತೆಗೆ ನೀರು, ಚರ್ಮ, ನಾರಿನ ಅಂಗಾಂಶ ಎಲ್ಲವೂ ಇವೆ. ಕಾಲು ಬಾತುಕೊಂಡ ರೋಗಿಯ ‘ಸ್ನಾಯುರಾಶಿ’ ಡೆಕ್ಸಾದಲ್ಲಿ ಹೆಚ್ಚಿ ಕಾಣುವುದು ಇದರಿಂದಲೇ.

ಶಿಬಿರಗಳಲ್ಲಿ ಬಳಸುವ ಯಂತ್ರ ಇನ್ನೂ ಸರಳ. ಅದು ದೇಹದ ಮೂಲಕ ಅತಿ ಸಣ್ಣ ಪರ್ಯಾಯ ವಿದ್ಯುತ್ಪ್ರವಾಹ ಹರಿಸಿ ವಿದ್ಯುತ್ ರೋಧವನ್ನು ಅಳೆಯುತ್ತದೆ. ಸಿಲಿಂಡರ್ ಆಕಾರದ ವಾಹಕವೊಂದರ ರೋಧ ಅದರ ಉದ್ದಕ್ಕೆ ನೇರ ಅನುಪಾತದಲ್ಲೂ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. ಆದ್ದರಿಂದ ಉದ್ದದ ವರ್ಗವನ್ನು ರೋಧದಿಂದ ಭಾಗಿಸಿ ರೋಧಶೀಲತೆಯಿಂದ ಗುಣಿಸಿದರೆ ಗಾತ್ರ ಬರುತ್ತದೆ. ತರಗತಿಯಲ್ಲಿ ಕೊಡಬಹುದಾದ ಚೆಂದದ ಲೆಕ್ಕ. ತೊಂದರೆ ಎಂದರೆ ಮನುಷ್ಯ ಸಿಲಿಂಡರ್ ಅಲ್ಲ. ಸಪೂರವಾದ ಕೈಕಾಲುಗಳೇ ರೋಧದ ಬಹುಪಾಲನ್ನು ಒಡ್ಡುತ್ತವೆ. ದೇಹದ ತೂಕದ ಅರ್ಧದಷ್ಟಿರುವ ಮುಂಡದ ಪಾಲು ಅತ್ಯಲ್ಪ. ಈ ಕೊರತೆಯನ್ನು ತುಂಬಲು ಅಂಕಿಅಂಶಗಳಿಂದ ಪಡೆದ ಸೂತ್ರಗಳನ್ನು ಬಳಸುತ್ತಾರೆ.

ಅಂಥ ಒಂದು ಪ್ರಸಿದ್ಧ ಸೂತ್ರವನ್ನು 2000ದಲ್ಲಿ ಜಾನ್ಸೆನ್ ಮತ್ತು ಸಂಗಡಿಗರು 388 ಜನರ ಎಂ.ಆರ್.ಐ. ಚಿತ್ರಗಳೊಡನೆ ಹೋಲಿಸಿ ರೂಪಿಸಿದರು. ಅದು ಹೀಗಿದೆ: ಸೆಂಟಿಮೀಟರ್‌ಗಳಲ್ಲಿರುವ ಎತ್ತರದ ವರ್ಗವನ್ನು ಓಮ್‌ಗಳಲ್ಲಿರುವ ರೋಧದಿಂದ ಭಾಗಿಸಿ 0.401ರಿಂದ ಗುಣಿಸಿ, ಗಂಡಸಾದರೆ 3.825 ಕೂಡಿಸಿ, ವಯಸ್ಸನ್ನು 0.071ರಿಂದ ಗುಣಿಸಿ ಕಳೆಯಿರಿ, ಕೊನೆಗೆ 5.102 ಕೂಡಿಸಿ. ಉತ್ತರ ಕಿಲೋಗ್ರಾಂಗಳಲ್ಲಿ ಸ್ನಾಯುರಾಶಿ.

165 ಸೆಂ.ಮೀ. ಎತ್ತರದ, 56 ವರ್ಷದ ಗಂಡಸಿನ ರೋಧ 500 ಓಮ್ ಎಂದುಕೊಳ್ಳಿ. ಉತ್ತರ 26.8 ಕಿ.ಗ್ರಾಂ. ವಯಸ್ಸನ್ನು 65 ಮಾಡಿ. ದೇಹ ಅದೇ, ರೋಧ ಅದೇ, ಆದರೂ ಉತ್ತರ 26.1ಕ್ಕೆ ಇಳಿಯುತ್ತದೆ. ಶಿಬಿರದ ಯಂತ್ರದಲ್ಲಿ ಯಾವ ಸೂತ್ರವಿತ್ತೋ ಚೀಟಿ ಹೇಳಲಿಲ್ಲ. ಆದರೆ ಅದರಲ್ಲೂ ಹೀಗೊಂದು ವಯಸ್ಸಿನ ಪದ ಇದ್ದಿರಬೇಕೆಂದು ನನ್ನ ಎರಡು ಚೀಟಿಗಳೇ ಹೇಳುತ್ತವೆ. ತಕ್ಕಡಿಯಲ್ಲಿ ಅಕ್ಕಿ ತೂಗುವಾಗ ಅಕ್ಕಿಗೆ ಎಷ್ಟು ವರ್ಷವೆಂದು ಯಾರೂ ಕೇಳುವುದಿಲ್ಲ. ವಯಸ್ಸು ಕೇಳಿ ಸ್ನಾಯು ಹೇಳುವ ಯಂತ್ರ ಅಳೆಯುತ್ತಿಲ್ಲ, ಭಾಗಶಃ ಊಹಿಸುತ್ತಿದೆ. ಜಾನ್ಸೆನ್ ತಂಡ ಪ್ರಾಮಾಣಿಕವಾಗಿ ತಮ್ಮ ಸೂತ್ರದ ಮಾನಕ ದೋಷ 2.7 ಕಿ.ಗ್ರಾಂ., ಅಂದರೆ ಶೇ. 9ರಷ್ಟು ಎಂದು ಪ್ರಕಟಿಸಿತ್ತು. ಹೀಗಿರುವಾಗ ಚೀಟಿಯ ಮೇಲೆ ದಶಮಾಂಶದ ಎರಡು ಸ್ಥಾನ ಮುದ್ರಿಸುವುದಕ್ಕೆ ಏನರ್ಥ? ನಮ್ಮ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಅಂಕ ಕಳೆಯುತ್ತಿದ್ದೆವು.

ರಾಶಿ ಬೇರೆ, ಬಲ ಬೇರೆ

ಅಳತೆಯ ದೋಷವಷ್ಟೇ ಆಗಿದ್ದರೆ ಒಳ್ಳೆಯ ಯಂತ್ರ ತಂದು ಸರಿಪಡಿಸಬಹುದಿತ್ತು. ತಳಮಟ್ಟದ ಪ್ರಶ್ನೆ ಬೇರೆ ಇದೆ. ಅಮೆರಿಕದ ಪಿಟ್ಸ್‌ಬರ್ಗ್ ಮತ್ತು ಮೆಂಫಿಸ್ ನಗರಗಳಲ್ಲಿ 1997–98ರಲ್ಲಿ 70ರಿಂದ 79 ವರ್ಷದ 3,075 ಜನರನ್ನು ಒಳಗೊಂಡ ದೀರ್ಘಾವಧಿಯ ಅಧ್ಯಯನವೊಂದು ಆರಂಭವಾಯಿತು. 2006ರಲ್ಲಿ ಅದರ ಎರಡು ಫಲಿತಾಂಶಗಳು ಹೊರಬಂದವು. ಮೊದಲನೆಯದು: ಕಾಲಿನ ಸ್ನಾಯುರಾಶಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಕಡಿಮೆಯಾದರೆ, ಬಲ ಅದರ ಮೂರು ಪಟ್ಟು ವೇಗದಲ್ಲಿ ಕುಸಿದಿತ್ತು. ರಾಶಿ ಉಳಿಸಿಕೊಂಡವರೂ ಬಲ ಕಳೆದುಕೊಂಡಿದ್ದರು. ಎರಡನೆಯದು: ಮರಣದ ಸಂಭವವನ್ನು ಸೂಚಿಸಿದ್ದು ಬಲವೇ ಹೊರತು ರಾಶಿಯಲ್ಲ.

ಕಾರಣ ಸ್ನಾಯುವಿನ ರಚನೆಯಲ್ಲಿದೆ. ಸ್ನಾಯು ತಾನಾಗಿ ಸಂಕುಚಿಸುವುದಿಲ್ಲ. ಮಿದುಳುಬಳ್ಳಿಯಿಂದ ಬರುವ ಚಾಲಕ ನರಕೋಶ ಆಜ್ಞೆ ಕೊಡಬೇಕು. ವಯಸ್ಸಾದಂತೆ ಇಂಥ ನರಕೋಶಗಳು ಕಡಿಮೆಯಾಗುತ್ತವೆ. ವೇಗವಾಗಿ ಸಂಕುಚಿಸುವ ತಂತುಗಳು ಹೆಚ್ಚು ಕೃಶವಾಗುತ್ತವೆ. ಸ್ನಾಯುವಿನ ನಡುವೆ ಕೊಬ್ಬು ಸೇರುತ್ತದೆ. ಹೊರಗಿನ ಗಾತ್ರ ಅಷ್ಟೇ ಇದ್ದರೂ ಒಂದು ಚದರ ಸೆಂಟಿಮೀಟರಿಗೆ ಸಿಗುವ ಬಲ ಇಳಿದಿರುತ್ತದೆ.

ಇದನ್ನು ಪ್ರಯೋಗಗಳು ಎರಡೂ ದಿಕ್ಕಿನಿಂದ ತೋರಿಸಿವೆ. 1994ರಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬೋಸ್ಟನ್ನಿನ ಹಿರಿಯರ ಆಶ್ರಯಧಾಮವೊಂದರ 100 ಜನರ ಮೇಲೆ ನಡೆಸಿದ ಪ್ರಯೋಗದ ವರದಿ ಬಂತು. ಅವರ ಸರಾಸರಿ ವಯಸ್ಸು 87. ಹತ್ತು ವಾರ ಭಾರ ಎತ್ತುವ ವ್ಯಾಯಾಮ ಮಾಡಿದವರ ಬಲ ಶೇ. 113ರಷ್ಟು ಏರಿತು, ತೊಡೆಯ ಸ್ನಾಯುವಿನ ಅಡ್ಡಕೊಯ್ತ ಹೆಚ್ಚಿದ್ದು ಶೇ. 2.7 ಮಾತ್ರ. ರಾಶಿಯನ್ನಷ್ಟೇ ಅಳೆದಿದ್ದರೆ ಈ ಚಾರಿತ್ರಿಕ ಪ್ರಯೋಗ ಸೋತಂತೆ ಕಾಣುತ್ತಿತ್ತು. ಇನ್ನೊಂದು ದಿಕ್ಕಿನದು 2020ರಲ್ಲಿ ಪ್ರಕಟವಾದ ಬಿಮಾಗ್ರುಮಾಬ್ ಎಂಬ ಔಷಧದ ಪರೀಕ್ಷೆ. ಸಾರ್ಕೊಪೀನಿಯ ಇದ್ದ 180 ಹಿರಿಯರಲ್ಲಿ 24 ವಾರಗಳ ಬಳಿಕ ಔಷಧ ಪಡೆದವರ ಕೊಬ್ಬಿಲ್ಲದ ರಾಶಿ ಶೇ. 7ರಷ್ಟು ಏರಿತು, ಉಳಿದವರದು ಶೇ. 1ರಷ್ಟು. ಆದರೆ ನಡೆಯುವುದು, ಕುರ್ಚಿಯಿಂದ ಏಳುವುದು, ಸಮತೋಲ ಕಾಯುವುದು ಇವುಗಳ ಪರೀಕ್ಷೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಎರಡೂ ಗುಂಪಿನವರು ವ್ಯಾಯಾಮ ಮಾಡುತ್ತಿದ್ದರು, ಎರಡೂ ಗುಂಪು ಸುಧಾರಿಸಿತ್ತು. ಔಷಧ ಮಾಂಸ ಬೆಳೆಸಿತು; ಕೆಲಸವನ್ನು ಹೆಚ್ಚಿಸಲಿಲ್ಲ.

ಶೇ. 113 ಎಂಬ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಅದು ಅಭ್ಯಾಸ ಮಾಡಿದ ವ್ಯಾಯಾಮದಲ್ಲೇ ಅಳೆದ ಬಲ. ಅದರಲ್ಲಿ ಕಲಿಕೆಯ ಪಾಲೂ ಇದೆ. ಅದೇ ಜನರ ನಡಿಗೆಯ ವೇಗ ಏರಿದ್ದು ಶೇ. 11.8. ಅಜ್ಜಿಯ ಬಾಳಿಗೆ ಹತ್ತಿರವಾದದ್ದು ಈ ಎರಡನೆಯ ಅಂಕಿ. ಲೇಖನಗಳಲ್ಲಿ ಮೆರೆಯುವುದು ಮೊದಲನೆಯದು.

ವ್ಯಾಖ್ಯೆ ಬದಲಾಯಿತು, ಗೊಂದಲ ಉಳಿಯಿತು

ಪುರಾವೆಗಳು ಕೂಡಿಬಂದಂತೆ ವ್ಯಾಖ್ಯೆಯೂ ಬದಲಾಯಿತು. ಯೂರೋಪಿನ ತಜ್ಞರ ಗುಂಪು 2010ರಲ್ಲಿ ರಾಶಿಯ ಜೊತೆಗೆ ಬಲವನ್ನೂ ಕಾರ್ಯಕ್ಷಮತೆಯನ್ನೂ ಸೇರಿಸಿತು. 2018ರ ಪರಿಷ್ಕರಣೆಯಲ್ಲಿ ಬಲಕ್ಕೇ ಮೊದಲ ಸ್ಥಾನ ಕೊಟ್ಟಿತು. 2020ರಲ್ಲಿ ಅಮೆರಿಕದ ತಜ್ಞರ ಒಕ್ಕೂಟವೊಂದು ಡೆಕ್ಸಾದಿಂದ ಅಳೆದ ರಾಶಿಯನ್ನು ವ್ಯಾಖ್ಯೆಯಿಂದಲೇ ಕೈಬಿಡಲು ಹೇಳಿತು. ತನ್ನ ಮೊದಲ ಊಹೆಯನ್ನು ತಾನೇ ಪ್ರಶ್ನಿಸಿಕೊಂಡ ಈ ನಡೆಗಾಗಿ ಕ್ಷೇತ್ರವನ್ನು ಮೆಚ್ಚಬೇಕು.

ಆದರೆ ಹೊಸ ಗಡಿರೇಖೆಗಳನ್ನು ನೋಡಿ. ಹಿಡಿತದ ಬಲ ಯೂರೋಪಿನ 2018ರ ಪಟ್ಟಿಯಂತೆ ಗಂಡಸರಲ್ಲಿ 27, ಹೆಂಗಸರಲ್ಲಿ 16 ಕಿ.ಗ್ರಾಂ.ಗಿಂತ ಕಡಿಮೆ ಇರಬಾರದು. ಏಷ್ಯಾದ ತಜ್ಞರ 2019ರ ಪಟ್ಟಿಯಂತೆ 28 ಮತ್ತು 18. ಮೊದಲಿಗೆ ನಮ್ಮ ತಕರಾರು: ಕಿಲೋಗ್ರಾಂ ಬಲದ ಏಕಮಾನವಲ್ಲ. 27 ಕಿ.ಗ್ರಾಂ. ಎಂದರೆ ಸುಮಾರು 265 ನ್ಯೂಟನ್ ಎಂದು ಓದಿಕೊಳ್ಳಿ. ಎರಡನೆಯದು ಹೆಚ್ಚು ಮುಖ್ಯ. 17 ಕಿ.ಗ್ರಾಂ. ಹಿಡಿತದ ಮಹಿಳೆ ಏಷ್ಯಾದ ಪಟ್ಟಿಯಲ್ಲಿ ದುರ್ಬಲೆ. ವಿಮಾನ ಹತ್ತಿ ಯೂರೋಪಿನಲ್ಲಿ ಇಳಿದರೆ ಆರೋಗ್ಯವಂತೆ! ದೇಹಗಾತ್ರ ಬೇರೆಯಾದಲ್ಲಿ ಗಡಿಯೂ ಬೇರೆಯಾಗುವುದು ಸಹಜ. ಆದರೆ ನಿರಂತರವಾಗಿ ಬದಲಾಗುವ ಪರಿಮಾಣವೊಂದರ ಮೇಲೆ ಎಳೆದ ಗೆರೆಯನ್ನು ಪ್ರಕೃತಿಯೇ ಎಳೆದದ್ದೆಂದು ಭಾವಿಸಬಾರದು.

ಹಾಗಾದರೆ ರಾಶಿಗೆ ಬೆಲೆಯೇ ಇಲ್ಲವೇ? ಹಾಗೆ ತೀರ್ಮಾನಿಸಿದರೆ ಅದೂ ಆತುರ. ಡ್ಯುಟೀರಿಯಮ್‌ನಿಂದ ಗುರುತು ಮಾಡಿದ ಕ್ರಿಯಾಟಿನ್ ನುಂಗಿಸಿ, ಮೂತ್ರದಲ್ಲಿ ಅದರ ಉತ್ಪನ್ನವನ್ನು ಅಳೆದು ಸ್ನಾಯುರಾಶಿ ಕಂಡುಹಿಡಿಯುವ ವಿಧಾನ ಈಗ ಇದೆ. ಕ್ರಿಯಾಟಿನ್ ಬಹುಪಾಲು ಸ್ನಾಯುವಿನಲ್ಲೇ ಇರುವುದರಿಂದ ಇದು ಹೆಚ್ಚು ನೇರವಾದ ಅಳತೆ. ಅಮೆರಿಕದ ವೃದ್ಧ ಪುರುಷರಲ್ಲಿ ಇದನ್ನು ಬಳಸಿದ 2019ರ ವರದಿಯೊಂದರಲ್ಲಿ ಕಡಿಮೆ ಸ್ನಾಯುರಾಶಿಗೂ ಬೀಳುವಿಕೆ ಮತ್ತು ನಡೆಯಲಾಗದಿರುವುದಕ್ಕೂ ಬಲವಾದ ಸಂಬಂಧ ಕಂಡಿತು. ಅದೇ ಜನರ ಡೆಕ್ಸಾ ಅಂಕಿಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಎಂದರೆ ತಪ್ಪು ಇದ್ದದ್ದು ಪರಿಮಾಣದಲ್ಲಿ ಮಾತ್ರವಲ್ಲ, ಉಪಕರಣದಲ್ಲೂ ಇತ್ತು. 2024ರಲ್ಲಿ ಜಾಗತಿಕ ತಜ್ಞರ ತಂಡವೊಂದು ರಾಶಿ, ಬಲ ಎರಡರ ಜೊತೆಗೆ ಸ್ನಾಯುವಿನ ಗಾತ್ರಕ್ಕೆ ತಕ್ಕ ಬಲವನ್ನೂ ವ್ಯಾಖ್ಯೆಯೊಳಗೆ ತಂದಿದೆ. ಒಂದು ಏಕಮಾನ ಅಡ್ಡಕೊಯ್ತಕ್ಕೆ ಎಷ್ಟು ಬಲ ಎಂದು ಕೇಳುವುದನ್ನು ನಾವು ಪಿ.ಯು. ತರಗತಿಯಲ್ಲೇ ಕಲಿಸುತ್ತೇವೆ.

ಜ್ವರಮಾಪಕವೂ ಜ್ವರವೂ

ಇನ್ನು ವ್ಯಾಯಾಮ ಮತ್ತು ದೀರ್ಘಕಾಲಿಕ ಕಾಯಿಲೆಗಳ ವಿಷಯ. 2015ರಲ್ಲಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಹಿಡಿತದ ಬಲವನ್ನು ಅಳೆದ ‘ಪ್ಯೂರ್’ ಅಧ್ಯಯನದ ವರದಿ ಪ್ರಕಟವಾಯಿತು. ಭಾರತವೂ ಅದರಲ್ಲಿತ್ತು; ಬೆಂಗಳೂರು ಅದರ ಕೇಂದ್ರಗಳಲ್ಲೊಂದು. ಹಿಡಿತ 5 ಕಿ.ಗ್ರಾಂ.ನಷ್ಟು ಕಡಿಮೆಯಾದಾಗ ಮರಣದ ಸಂಭವ ಶೇ. 16ರಷ್ಟು ಹೆಚ್ಚು ಎಂದು ಅದು ತೋರಿಸಿತು. ಮರಣವನ್ನು ಮುನ್ಸೂಚಿಸುವಲ್ಲಿ ಹಿಡಿತವು ಸಂಕೋಚನ ರಕ್ತದೊತ್ತಡಕ್ಕಿಂತ ಮೇಲೆಂದು ಕಂಡಿತು. ದೊಡ್ಡ, ಶಿಸ್ತಿನ ಕೆಲಸ. ಆದರೆ ಇದರಿಂದ ‘ಹಿಡಿತ ಗಟ್ಟಿ ಮಾಡಿಕೊಂಡರೆ ಆಯುಷ್ಯ ಹೆಚ್ಚುತ್ತದೆ’ ಎಂದು ಹೇಳಿದರೆ ತರ್ಕ ಜಾರುತ್ತದೆ. ಕಾಯಿಲೆಯೇ ಹಿಡಿತವನ್ನು ಸಡಿಲಿಸಿರಬಹುದು. ಬಡತನ, ಅಪೌಷ್ಟಿಕತೆ ಎರಡಕ್ಕೂ ಕಾರಣವಾಗಿರಬಹುದು. ಜ್ವರಮಾಪಕವನ್ನು ತಣ್ಣೀರಿಗೆ ಅದ್ದಿದರೆ ಜ್ವರ ಇಳಿಯದು.

ಕಾರಣವನ್ನು ತಿಳಿಯಲು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ವ್ಯಾಯಾಮ ಕೊಟ್ಟು ನೋಡಬೇಕು. ಹಾಗೆ ನೋಡಿದಾಗ ಫಲ ಇದೆ, ಆದರೆ ಜಾಹೀರಾತಿನಷ್ಟಿಲ್ಲ. ನಾರ್ವೆಯ ಟ್ರಾಂಡೈಮ್ ನಗರದಲ್ಲಿ 70ರಿಂದ 77 ವಯಸ್ಸಿನ 1,567 ಜನರನ್ನು ಐದು ವರ್ಷ ಗಮನಿಸಿದ ಪ್ರಯೋಗದಲ್ಲಿ (2020) ಮೇಲ್ವಿಚಾರಣೆಯ ವ್ಯಾಯಾಮ ಮಾಡಿದವರಲ್ಲಿ ಶೇ. 4.5, ಉಳಿದವರಲ್ಲಿ ಶೇ. 4.7 ಮಂದಿ ತೀರಿಕೊಂಡರು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ನಿಯಂತ್ರಣ ಗುಂಪಿನವರೂ ಚಟುವಟಿಕೆಯಿಂದಿದ್ದದ್ದು ಒಂದು ಕಾರಣ. ಟೈಪ್ 2 ಮಧುಮೇಹವಿದ್ದ 5,145 ಜನರ ‘ಲುಕ್ ಅಹೆಡ್’ ಪ್ರಯೋಗದಲ್ಲಿ (2013) ಆಹಾರ, ವ್ಯಾಯಾಮಗಳ ಕಟ್ಟುನಿಟ್ಟಾದ ಕಾರ್ಯಕ್ರಮ ಹೃದಯಾಘಾತ, ಪಾರ್ಶ್ವವಾಯುಗಳನ್ನು ತಗ್ಗಿಸಲಿಲ್ಲ.

ಹಾಗೆಂದು ವ್ಯಾಯಾಮ ವ್ಯರ್ಥವೇ? ಖಂಡಿತ ಅಲ್ಲ. 70ರಿಂದ 89 ವಯಸ್ಸಿನ, ಹೆಚ್ಚು ಚಟುವಟಿಕೆ ಇಲ್ಲದ 1,635 ಜನರ ‘ಲೈಫ್’ ಪ್ರಯೋಗದಲ್ಲಿ (2014) 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ವ್ಯಾಯಾಮದ ಗುಂಪಿನಲ್ಲಿ ಶೇ. 30.1, ಆರೋಗ್ಯಪಾಠ ಕೇಳಿದ ಗುಂಪಿನಲ್ಲಿ ಶೇ. 35.5. ನೂರಕ್ಕೆ ಐದಾರು ಜನ ಸ್ವತಂತ್ರವಾಗಿ ನಡೆಯುವಂತೆ ಉಳಿದರು. ಚೆನ್ನೈಯಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ (2006) ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆ ಪಡೆದವರ ಪೈಕಿ ಶೇ. 55.0 ಮಂದಿಗೆ ಮಧುಮೇಹ ಬಂದರೆ, ಊಟದ ಕ್ರಮ ಮತ್ತು ಬಿರುಸಿನ ನಡಿಗೆ ಪಾಲಿಸಿದವರಲ್ಲಿ ಶೇ. 39.3. ಗಮನಿಸಿ, ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಇನ್ಸುಲಿನ್ ಪ್ರಭಾವದಲ್ಲಿ ರಕ್ತದಿಂದ ಹೊರಹೋಗುವ ಗ್ಲೂಕೋಸಿನ ಬಹುಪಾಲು ಸೇರುವುದು ಅಸ್ಥಿಸ್ನಾಯುವಿಗೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ಊಟ ಮತ್ತು ನಡಿಗೆಯ ಪಾಲನ್ನು ಈ ಪ್ರಯೋಗ ಬೇರ್ಪಡಿಸಲಾರದು, ನಿಜ. ಆದರೂ ತೂಕದ ಯಂತ್ರ ಕಾಣದ ಒಂದು ಬದಲಾವಣೆ ಒಳಗೆ ನಡೆದಿತ್ತು ಎಂಬುದು ಸ್ಪಷ್ಟ.

ಕುರ್ಚಿಯೇ ಪ್ರಯೋಗಾಲಯ

ಈಗ ನೀವೇ ಒಂದು ಅಳತೆ ಮಾಡಬಹುದು. 60 ಕಿ.ಗ್ರಾಂ. ತೂಕದ ವ್ಯಕ್ತಿ ಕುರ್ಚಿಯಿಂದ ಎದ್ದಾಗ ಗುರುತ್ವಕೇಂದ್ರ ಸುಮಾರು 0.35 ಮೀಟರ್ ಮೇಲೇರುತ್ತದೆ ಎಂದಿಟ್ಟುಕೊಳ್ಳಿ. ಕೆಲಸ 60 × 9.8 × 0.35, ಅಂದರೆ ಸುಮಾರು 206 ಜೂಲ್. ಒಂದು ಸೆಕೆಂಡಿನಲ್ಲಿ ಎದ್ದರೆ ಸರಾಸರಿ ಸಾಮರ್ಥ್ಯ 206 ವಾಟ್, ಎರಡು ಸೆಕೆಂಡಿನಲ್ಲಿ ಎದ್ದರೆ 103 ವಾಟ್. ಕೆಲಸ ಅಷ್ಟೇ, ಸಾಮರ್ಥ್ಯ ಅರ್ಧ. ಎಡವಿದ ಮುದುಕರು ಬೀಳದೆ ಉಳಿಯಬೇಕಾದರೆ ಕ್ಷಣಾರ್ಧದಲ್ಲಿ ಕಾಲು ಮುಂದಿಡಬೇಕು. ಅಲ್ಲಿ ಬೇಕಾದದ್ದು ಬಲ ಮಾತ್ರವಲ್ಲ, ಬಲ ಮತ್ತು ವೇಗದ ಗುಣಲಬ್ಧ. ವೇಗದ ತಂತುಗಳೇ ಮೊದಲು ಸೊರಗುತ್ತವೆಂಬುದನ್ನು ನೆನೆದರೆ, ಸಾಮರ್ಥ್ಯವೆಂಬ ಈ ಪರಿಮಾಣಕ್ಕೆ ಮೇಲಿನ ಪಟ್ಟಿಗಳಲ್ಲಿ ಇನ್ನೂ ನೇರ ಸ್ಥಾನ ಸಿಗದಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಪರೀಕ್ಷೆ ಸರಳ. ಗೋಡೆಗೆ ಒರಗಿಸಿದ, ಜಾರದ ಕುರ್ಚಿ; ಎದೆಯ ಮೇಲೆ ಕಟ್ಟಿದ ಕೈ; ಐದು ಸಲ ಎದ್ದು ಕೂರುವುದು; ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಯೂರೋಪಿನ ಪಟ್ಟಿಯಂತೆ 15 ಸೆಕೆಂಡಿಗಿಂತ ಹೆಚ್ಚು, ಏಷ್ಯಾದ 2019ರ ಪಟ್ಟಿಯಂತೆ 12 ಅಥವಾ ಹೆಚ್ಚು ತಗುಲಿದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಮಂಡಿನೋವು, ತಲೆಸುತ್ತು ಇರುವವರು ಮೊದಲೇ ವೈದ್ಯರನ್ನು ಕೇಳಲಿ. ಇದರಲ್ಲೂ ದೋಷಗಳಿವೆ: ಕುರ್ಚಿಯ ಎತ್ತರ, ಕಾಲಿನ ಉದ್ದ, ಮಂಡಿಯ ಸ್ಥಿತಿ. ಆದರೆ ಆ ದೋಷಗಳು ಕಣ್ಣಿಗೆ ಕಾಣುತ್ತವೆ, ಸೂತ್ರದೊಳಗೆ ಅಡಗಿಲ್ಲ.

ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ. ಆರೋಗ್ಯದ ಸುದ್ದಿಯೊಂದು ತರಗತಿಗೆ ಬಂದಾಗ ಮೂರು ಪ್ರಶ್ನೆ ಕೇಳಿಸಿ. ಉಪಕರಣ ನೇರವಾಗಿ ಓದಿದ್ದು ಯಾವುದನ್ನು? ದೋಷದ ಮಿತಿ ಎಷ್ಟು? ಗುಂಪುಗಳು ತಾವಾಗಿ ಆದವೋ, ಸಂಶೋಧಕರು ಚೀಟಿ ಎತ್ತಿ ಮಾಡಿದರೋ? 2020ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ, ಮೂರು ದಿನ ಸಮತೋಲದ ಅಭ್ಯಾಸ ಹೇಳುತ್ತದೆ. ಅದಕ್ಕೆ ಮೇಲಿನ ಯಾವ ಟೀಕೆಯೂ ಅಡ್ಡಿಯಲ್ಲ. ವ್ಯಾಯಾಮದ ನಿಜವಾದ ಪ್ರಯೋಜನ ತಿಳಿಯಬೇಕಾದರೆ ಅದನ್ನು ಉಬ್ಬಿಸಿ ಹೇಳುವುದನ್ನು ಬಿಡಬೇಕು, ಅಷ್ಟೆ.

ನನ್ನ ಎರಡು ಚೀಟಿಗಳನ್ನು ಎಸೆದಿಲ್ಲ. ಮೊದಲ ವರ್ಷದ ಪದವಿ ತರಗತಿಗೆ ದೋಷಗಳ ಪಾಠ ಮಾಡುವಾಗ ವರ್ನಿಯರ್ ಕ್ಯಾಲಿಪರ್ಸ್ ಜೊತೆಗೆ ಅವನ್ನೂ ತೋರಿಸುತ್ತೇನೆ. ಹಿರಿಯ ಸಹೋದ್ಯೋಗಿಗೆ ಕುರ್ಚಿಯ ಪರೀಕ್ಷೆ ವಿವರಿಸಿದಾಗ ಅವರು ಅಲ್ಲೇ ಮಾಡಿ ನೋಡಿದರು. ಎರಡು ಸಲ ಎದ್ದರು, ಮೂರನೆಯದಕ್ಕೆ ಆಗಲಿಲ್ಲ. ಜೇಬಿನಿಂದ ‘ಸ್ನಾಯು ಸಾಮಾನ್ಯ’ದ ಚೀಟಿ ತೆಗೆದು ಒಮ್ಮೆ ನೋಡಿ, “ಹಾಗಾದರೆ ಇದು ಏನನ್ನು ಅಳೆಯಿತು?” ಎಂದರು. ಮರುವಾರ ವೈದ್ಯರ ಬಳಿ ಹೋದರು. ಈಗ ಅವರ ಅಭ್ಯಾಸ ನಡೆದಿದೆ. ಮೊನ್ನೆ ಐದು ಸಲ ಎದ್ದರಂತೆ, 19 ಸೆಕೆಂಡಿನಲ್ಲಿ.